ನಾಲ್ಕು ಹಾಡುಗಳು, ಒಂದು ಜಾಮೀನು

ಜಯಚಾಮರಾಜ ಒಡೆಯರ್ ಅವರ ಪಾಶ್ಚಾತ್ಯ ಸಂಗೀತದ ಒಲವಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದೇ ವಾಕ್ಯ ಕೇಳಿಸುತ್ತದೆ: ಲಂಡನ್ನಿನ ಫಿಲ್‌ಹಾರ್ಮೋನಿಯ ಆರ್ಕೆಸ್ಟ್ರಾಕ್ಕೆ ನಮ್ಮ ಮಹಾರಾಜರು ಹಣ ಕೊಟ್ಟಿದ್ದರು. ಮಾತು ನಿಜ. ಆದರೆ ಅದು ಹೆಮ್ಮೆಯಲ್ಲಿ ಶುರುವಾಗಿ ಹೆಮ್ಮೆಯಲ್ಲೇ ಮುಗಿದುಹೋಗುತ್ತದೆ. ಆ ಹಣದಿಂದ ಯಾವ ಸಂಗೀತ ಕೇಳಿಸಿತು, ಅದು ಹೇಗಿತ್ತು ಎಂದು ನಾವು ಕೇಳುವುದಿಲ್ಲ. ದಾನಿಯ ಹೆಸರು ಕೆತ್ತಿದ ಕಲ್ಲನ್ನು ಓದಿ, ಗುಡಿಯೊಳಗೆ ಕಾಲಿಡದೆ ಹಿಂದಿರುಗಿದ ಹಾಗೆ.

ಫಿಲ್‌ಹಾರ್ಮೋನಿಯವನ್ನು 1945ರಲ್ಲಿ ಕಟ್ಟಿದವರು ವಾಲ್ಟರ್ ಲೆಗ್. ಇಎಂಐ ಕಂಪನಿಗೆ ರೆಕಾರ್ಡುಗಳನ್ನು ಮಾಡಿಸುತ್ತಿದ್ದ ಅವರಿಗೆ ಬೇಕಿದ್ದದ್ದು ಮೊದಲು ಸ್ಟುಡಿಯೋದ ವಾದ್ಯವೃಂದ. ಮೈಕಿನ ಮುಂದೆ ನುಡಿಸಿದರೆ ಸಂಬಳ ಖಾತ್ರಿ. ಜನರ ಮುಂದೆ ಕಛೇರಿ ಸರಣಿ ನಡೆಸುವುದೆಂದರೆ ಬೇರೆ ಲೆಕ್ಕ: ಸಭಾಂಗಣದ ಬಾಡಿಗೆ, ತಾಲೀಮಿನ ಖರ್ಚು, ಮಾರಾಟವಾಗದೆ ಉಳಿದ ಟಿಕೆಟ್ಟುಗಳು. ಒಡೆಯರ್ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದದ್ದು ಈ ಹಂತದಲ್ಲಿ. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಅವರು ಒಪ್ಪಿದರೆಂದು ಲೆಗ್ ನೆನೆದಿದ್ದಾರೆ. ನಷ್ಟವನ್ನು ಇನ್ನೊಬ್ಬರು ಹೊರುತ್ತಾರೆಂದು ಗೊತ್ತಿದ್ದಾಗ ಆಯೋಜಕನಿಗೆ ಧೈರ್ಯ ಬರುತ್ತದೆ. ಜನ ಹೆಸರೂ ಕೇಳಿರದ ಕೃತಿಗಳಿಗೆ ಜಾಗ ಸಿಗುತ್ತದೆ.

ಒಡೆಯರ್ ಅವರ ಅಭಿರುಚಿ ಇದ್ದದ್ದೂ ಅಲ್ಲೇ. ಎಲ್ಲರೂ ಮೆಚ್ಚುವ ಬೀಥೋವನ್‌ಗೆ ದುಡ್ಡು ಸುರಿದು ಹೆಸರು ಗಳಿಸುವುದು ಸುಲಭವಿತ್ತು. ಅವರು ಕೈಹಿಡಿದದ್ದು ಲಂಡನ್ನಿನಲ್ಲಿ ಎಲೆಮರೆಯಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರನ್ನು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಆತ ತಮ್ಮ ಪಿಯಾನೋ ಕನ್ಸರ್ಟೋಗಳನ್ನು ಇದೇ ಆರ್ಕೆಸ್ಟ್ರಾದೊಂದಿಗೆ ತಾವೇ ನುಡಿಸಿ ಮುದ್ರಿಸುವಂತಾಯಿತು; ಮೂರನೆಯ ಕನ್ಸರ್ಟೋ ಮೈಸೂರು ಮಹಾರಾಜರಿಗೇ ಅರ್ಪಿತ. 1949ರಲ್ಲಿ ಕಾರಾಯಾನ್ ಬಲಾಕಿರೆವ್‌ನ ಮೊದಲ ಸಿಂಫನಿಯನ್ನೂ ರೂಸೆಲ್‌ನ ನಾಲ್ಕನೆಯ ಸಿಂಫನಿಯನ್ನೂ ಮುದ್ರಿಸಿದ್ದರ ಹಿಂದೆಯೂ ಇದೇ ಆಸಕ್ತಿಯಿತ್ತು. ಇದು ಪೋಷಕನೊಬ್ಬನ ಆಯ್ಕೆಗಿಂತ ಹೆಚ್ಚಾಗಿ ಹಸಿದ ಕೇಳುಗನ ಆಯ್ಕೆ.

ಈ ಸರಣಿಯಲ್ಲಿ ನಾನು ಮತ್ತೆ ಮತ್ತೆ ಕೇಳುವುದು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಛೇರಿ. ರಿಚರ್ಡ್ ಸ್ಟ್ರಾಸ್ ಹಿಂದಿನ ವರ್ಷ ತೀರಿಕೊಂಡಿದ್ದರು. 1948ರಲ್ಲಿ ಅವರು ರಚಿಸಿದ್ದ, ಈಗ 'ಕೊನೆಯ ನಾಲ್ಕು ಹಾಡುಗಳು' ಎಂದು ಹೆಸರಾದ ರಚನೆಗಳ ಮೊದಲ ಪ್ರದರ್ಶನವದು. ನಿರ್ದೇಶನ ಫುರ್ಟ್‌ವೆಂಗ್ಲರ್, ಗಾಯನ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಜಾಮೀನು ಕೊಟ್ಟ ಒಡೆಯರ್ ಸಭಾಂಗಣದಲ್ಲಿರಲಿಲ್ಲ. ಅವರು ಕೇಳಲೆಂದೇ ಮುದ್ರಣದ ಏರ್ಪಾಡಾಗಿತ್ತು.

ಉಳಿದುಬಂದಿರುವ ಆ ಮುದ್ರಣ ಕೆಟ್ಟದಾಗಿದೆ ಎನ್ನದೆ ವಿಧಿಯಿಲ್ಲ. ಉದ್ದಕ್ಕೂ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ವಾದ್ಯಗಳ ಸೂಕ್ಷ್ಮ ಅದರಲ್ಲಿ ಮುಳುಗುತ್ತದೆ. 'ವಸಂತ'ದ ಎತ್ತರದ ಸ್ವರಗಳಲ್ಲಿ ಐವತ್ತು ದಾಟಿದ ಫ್ಲಾಗ್‌ಸ್ಟಾಡ್ ಸಲೀಸಾಗಿಲ್ಲ ಎಂಬುದೂ ಕೇಳಿಸುತ್ತದೆ. ಆದರೂ ಅಂದಿನ ಹಾಡುಗಳ ಅನುಕ್ರಮವೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅಚ್ಚಾದ ಪುಸ್ತಕದಲ್ಲಿ ವಸಂತ, ಸೆಪ್ಟೆಂಬರ್, ನಿದ್ದೆಗೆ ಜಾರುವ ಹೊತ್ತು, ಸಂಜೆಗೆಂಪು ಎಂಬ ಕ್ರಮವಿದೆ. ಪ್ರಕಾಶಕರು ಜೋಡಿಸಿದ ಈ ಕ್ರಮ ಹುಟ್ಟಿನಿಂದ ಸಾವಿನವರೆಗಿನ ಅಚ್ಚುಕಟ್ಟಾದ ಕಥೆ ಹೇಳುತ್ತದೆ. ಅಂದು ಹಾಡಿದ್ದು ಬೇರೆ ರೀತಿ: ಮೊದಲು ನಿದ್ದೆ, ಆಮೇಲೆ ಸೆಪ್ಟೆಂಬರ್, ಆಮೇಲೆ ವಸಂತ, ಕೊನೆಗೆ ಸಂಜೆ. ಇಲ್ಲಿ ವಸಂತ ಬದುಕಿನ ಆರಂಭವಲ್ಲ. ಸಾವಿನ ಹೊಸ್ತಿಲಲ್ಲಿ ಕೂತವರಿಗೆ ಹಠಾತ್ತನೆ ಮರಳುವ ನೆನಪು. ಗಾಯಕಿಯ ಪ್ರಯಾಸವೂ ಆಗ ಅರ್ಥ ಪಡೆಯುತ್ತದೆ. ಆ ವಸಂತ ಸುಲಭಕ್ಕೆ ಕೈಗೆ ಸಿಗುವಂಥದ್ದಲ್ಲ.

ಕೊನೆಯ ಹಾಡಿನಲ್ಲಿ ಐಶೆನ್‌ಡಾರ್ಫ್ ಕವಿ ಸಾವಿನ ಕುರಿತು ಕೇಳುವ ಪ್ರಶ್ನೆಯಲ್ಲಿ 'ಅದು' ಎಂಬ ಸರ್ವನಾಮವಿತ್ತು. ಸ್ಟ್ರಾಸ್ ಅದನ್ನು 'ಇದು' ಎಂದು ತಿದ್ದಿದರು. ದೂರದಲ್ಲಿದ್ದ ಸಾವು ಒಂದೇ ಪದದಿಂದ ಪಕ್ಕಕ್ಕೆ ಬಂದು ಕೂರುತ್ತದೆ. ಆಗ ಹಾರ್ನ್ ವಾದ್ಯ ಅವರೇ ತಾರುಣ್ಯದಲ್ಲಿ ರಚಿಸಿದ್ದ 'ಸಾವು ಮತ್ತು ರೂಪಾಂತರ'ದ ಧಾಟಿಯೊಂದನ್ನು ಮೆಲ್ಲಗೆ ನೆನೆಯುತ್ತದೆ. ಕೊಳಲುಗಳು ಬಾನಾಡಿಗಳಾಗಿ ಉಲಿಯುತ್ತವೆ. ಫುರ್ಟ್‌ವೆಂಗ್ಲರ್ ಅಲ್ಲಿ ಕಣ್ಣೀರು ಬೇಡುವುದಿಲ್ಲ, ಬೆಳಕು ಆರುವುದನ್ನು ಸುಮ್ಮನೆ ಕಾಯುತ್ತಾರೆ.

ಗಣರಾಜ್ಯ ಹುಟ್ಟಿದ ವರ್ಷದಲ್ಲೇ, ರಾಜಪ್ರಮುಖರೊಬ್ಬರು ಲಂಡನ್ನಿನ ಕಛೇರಿಗೆ ಜಾಮೀನಾಗಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಮೈಸೂರಿನ ಸಾಮಾನ್ಯ ಕೇಳುಗನಿಗೆ ಆ ಸರಣಿ ದಕ್ಕಲಿಲ್ಲ. ಹಾಡುಗಳ ಸೊಗಸು ಈ ಪ್ರಶ್ನೆಯನ್ನು ಅಳಿಸಿಹಾಕದು, ಅಳಿಸಲೂಬಾರದು. ಆದರೆ ಅಂದು ಒಬ್ಬರಿಗಾಗಿ ಮುದ್ರಿಸಿದ್ದು ಇಂದು ಎಲ್ಲರಿಗೂ ಸಿಗುತ್ತದೆ. ನಾವು ಮಾತ್ರ ಇನ್ನೂ ಹಣದ ಮೊತ್ತವನ್ನೇ ಹೇಳಿಕೊಳ್ಳುತ್ತಿದ್ದೇವೆ.

ಲೆಗ್ ಅವರ ಪತ್ನಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ 1965ರಲ್ಲಿ ಜಾರ್ಜ್ ಸೆಲ್ ಜೊತೆ ಮುದ್ರಿಸಿದ, ಹೊಳಪುಳ್ಳ ಆವೃತ್ತಿಯೊಂದಿದೆ. ಅದು ಅಚ್ಚಿನ ಕ್ರಮದಲ್ಲಿದೆ. ಮೊದಲು ಅದನ್ನು ಕೇಳಿ. ನಂತರ 1950ರ ಸಿಡಿಯುವ ಸದ್ದಿಗೆ ಕಿವಿಗೊಡಿ, ಮೂರನೆಯ ಹಾಡಾಗಿ ವಸಂತ ಬರುವವರೆಗೆ ತಾಳ್ಮೆಯಿಂದಿರಿ.