ಸೌಮ್ಯಹಾಸ್ಯವೆಂಬ ಅಪವಾದ

ಈಲಿಂಗ್ ಸ್ಟುಡಿಯೋದ ವಿನೋದಚಿತ್ರಗಳನ್ನು ಕುರಿತು ಯಾರು ಬರೆಯಹೊರಟರೂ, ಅವು ಸೌಮ್ಯವಾದುವು, ನಿರುಪದ್ರವಿಯಾದುವು, ಯುದ್ಧದಿಂದ ಬಳಲಿದ ದೇಶವೊಂದು ತನ್ನ ಬೀದಿಯ ವಿಲಕ್ಷಣ ಮಂದಿಯನ್ನು ಕಂಡು ಅಕ್ಕರೆಯಿಂದ ನಕ್ಕ ನಗುವೆಂದು ಷರಾ ಬರೆದು ಕೈತೊಳೆದುಕೊಳ್ಳುತ್ತಾರೆ. ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’ ಚಿತ್ರಕ್ಕೆ ಈ ಷರಾ ಒಪ್ಪೀತು. ಒಪ್ಪಲಿ, ಅದರ ವಿಷಯದಲ್ಲಿ ನನಗೆ ಹೇಳುವುದೇನೂ ಇಲ್ಲ. ಆದರೆ ಅದೇ 1949ರಲ್ಲಿ, ಅದೇ ಮೈಕೇಲ್ ಬಾಲ್ಕನ್ನನ ಯಜಮಾನಿಕೆಯಲ್ಲಿ, ರಾಬರ್ಟ್ ಹೇಮರ್ ನಿರ್ದೇಶಿಸಿದ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ ಚಿತ್ರಕ್ಕೂ ಇದೇ ಮುದ್ರೆಯನ್ನೊತ್ತುವುದನ್ನು ಶುದ್ಧ ಆಲಸ್ಯವೆನ್ನದೆ ವಿಧಿಯಿಲ್ಲ.

ಎಡ್ವರ್ಡನ ಕಾಲದ ಆ ಕಥೆ ಎಲ್ಲರೂ ಬಲ್ಲದ್ದೇ. ಇಟಲಿಯ ಗಾಯಕನನ್ನು ವರಿಸಿದ ತಪ್ಪಿಗೆ ಕುಲದಿಂದ ಹೊರಗಾದ ಡ್ಯೂಕನ ಮಗಳಿಗೆ ಸತ್ತ ಮೇಲೆ ವಂಶದ ಸಮಾಧಿಗೃಹದಲ್ಲಿಯೂ ಎಡೆ ದೊರೆಯದೆ ಹೋದಾಗ, ಅವಳ ಮಗ ಲೂಯಿ, ತನಗೂ ಡ್ಯೂಕ್ ಪದವಿಗೂ ನಡುವೆ ನಿಂತ ಬಂಧುಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲತೊಡಗುತ್ತಾನೆ. ಆ ಬಂಧುಗಳೆಲ್ಲರ ವೇಷವನ್ನೂ ಅಲೆಕ್ ಗಿನ್ನೆಸ್ ಒಬ್ಬನೇ ಧರಿಸಿದ್ದನ್ನು ಲೋಕ ಚಮತ್ಕಾರವೆಂದು ಕೊಂಡಾಡಿ ಸುಮ್ಮನಾಯಿತು. ಚರ್ಚಿನ ದೃಶ್ಯವನ್ನು ನೋಡಿ: ಛಾಯಾಗ್ರಾಹಕ ಡಗ್ಲಸ್ ಸ್ಲೋಕೊಂಬ್ ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಸುತ್ತಿ ತೆಗೆದುದರಿಂದ ಆರು ಗಿನ್ನೆಸರು ಒಂದೇ ಚೌಕಟ್ಟಿನೊಳಗೆ ಬಂದಿದ್ದಾರೆ. ಧರ್ಮಪೀಠ, ಸೈನ್ಯ, ನೌಕಾಬಲ, ಬ್ಯಾಂಕು, ಭೂಮಿ ಇವೆಲ್ಲಕ್ಕೂ ಒಂದೇ ಮುಖ, ಒಂದೇ ಮೂಗು! ಇದಕ್ಕಿಂತ ನಿಷ್ಠುರವಾದ ರಾಜಕೀಯ ಭಾಷ್ಯವನ್ನು ಆ ದಶಕದ ಯಾವ ಗಂಭೀರ ಬ್ರಿಟಿಷ್ ಚಿತ್ರದಲ್ಲಿಯೂ ನಾನು ಕಾಣೆ.

ಹಾಗೆಂದು ಇದನ್ನು ಲೇಬರ್ ಪಕ್ಷದ ಕರಪತ್ರವೆನ್ನುವವರ ಮಾತೂ ಸಲ್ಲದು. ತಾನು ಮಾಡದ ಒಂದು ಕೊಲೆಗಾಗಿ ಲೂಯಿ ಪ್ರಭುಸಭೆಯಲ್ಲಿ ವಿಚಾರಣೆಗೆ ನಿಲ್ಲುತ್ತಾನೆ. ಪ್ರಭುಗಳನ್ನು ಪ್ರಭುಗಳೇ ವಿಚಾರಿಸುವ ಆ ಹಕ್ಕು ಲೇಬರ್ ಪ್ರಧಾನಿ ಆಟ್ಲಿಯ ಆಡಳಿತಕಾಲದ 1948ರ ಶಾಸನದಿಂದ ಆಗತಾನೆ ರದ್ದಾಗಿತ್ತು, ನಿಜ. ಆದರೆ ಲೂಯಿ ಆ ಸಿಂಹಾಸನವನ್ನು ಉರುಳಿಸಬಯಸಿದವನಲ್ಲ, ಅದರ ಮೇಲೆ ತಾನೇ ಕುಳಿತುಕೊಳ್ಳಬಯಸಿದವನು. ಸ್ತ್ರೀಯರ ಮತಾಧಿಕಾರಕ್ಕೆ ಹೋರಾಡುವ ಲೇಡಿ ಅಗಾಥಾ ಬಲೂನಿನಿಂದ ಬಿದ್ದು ಸಾಯುವಾಗಲೂ ಚಿತ್ರ ಅಷ್ಟೇ ನಿರ್ದಯವಾಗಿ ನಗುತ್ತದೆ. ಕರಿಯರನ್ನು ಹಳಿಯುವ ಎಣಿಕೆಯ ಪದ್ಯವೊಂದನ್ನು ಎಗ್ಗಿಲ್ಲದೆ ಬಾಯಿಗೆ ತಂದುಕೊಳ್ಳುತ್ತದೆ. ಈ ಎರಡನೆಯದನ್ನು ನಾನು ಸಮರ್ಥಿಸಲಾರೆ. ಹೇಮರನ ಪಕ್ಷವನ್ನು ಬಿಡಲೂ ಆರೆ.

ಏಕೆಂದರೆ ಸಭ್ಯತೆ ಎಂಥ ಕ್ರೂರ ಆಯುಧವೆಂಬುದನ್ನು ಅವನಷ್ಟು ಬಲ್ಲವರು ಆ ಸ್ಟುಡಿಯೋದಲ್ಲಿ ಇನ್ನೊಬ್ಬರಿರಲಿಲ್ಲ. ಮದ್ಯವಿರೋಧಿಯಾದ ಮಡದಿಯ ಕಣ್ಣುತಪ್ಪಿಸಿ ಛಾಯಾಚಿತ್ರದ ಕತ್ತಲೆಕೋಣೆಯಲ್ಲಿ ಕುಡಿಯುವ ಬಂಧು ಹೆನ್ರಿಯ ದೀಪಕ್ಕೆ ಲೂಯಿ ಸೀಮೆಎಣ್ಣೆಗೆ ಬದಲಾಗಿ ಪೆಟ್ರೋಲು ತುಂಬಿಸಿಟ್ಟಿದ್ದಾನೆ. ಬಳಿಕ ತೋಟದಲ್ಲಿ ಆ ಮಡದಿಯೊಡನೆಯೇ ಕುಳಿತು ಚಹಾ ಕುಡಿಯುತ್ತಾನೆ. ಅವಳ ಬೆನ್ನ ಹಿಂದೆ, ಗೋಡೆಯಾಚೆ, ಹೊಗೆ ಏಳುತ್ತದೆ. ಮಾತು ತುಂಡಾಗುವುದಿಲ್ಲ, ಲೂಯಿಯ ಪಾತ್ರ ವಹಿಸಿದ ಡೆನಿಸ್ ಪ್ರೈಸನ ಹುಬ್ಬು ಕೂಡ ಅಲುಗುವುದಿಲ್ಲ. ಇದನ್ನು ಸೌಮ್ಯವೆನ್ನುವವರು ಯಾವ ಚಿತ್ರವನ್ನು ನೋಡಿಬಂದರೋ!

ಇಂಗ್ಲೆಂಡಿನ ಪ್ರತಿಯಲ್ಲಿ, ಬಿಡುಗಡೆಯಾದ ಲೂಯಿ ಕೊಲೆಗಳ ವೃತ್ತಾಂತವನ್ನೆಲ್ಲ ತಾನೇ ಬರೆದ ಹಸ್ತಪ್ರತಿಯನ್ನು ಸೆರೆಕೋಣೆಯಲ್ಲಿ ಮರೆತುಬಂದುದನ್ನು ನೆನೆಯುವಲ್ಲಿಗೆ ಕಥೆ ನಿಲ್ಲುತ್ತದೆ. ಪಾಪಿಗೆ ಶಿಕ್ಷೆಯಾಗಲೇಬೇಕೆಂಬ ಸಂಹಿತೆಗೆ ಮಣಿದ ಅಮೆರಿಕದ ಪ್ರತಿಯಲ್ಲಿ ಆ ಹಸ್ತಪ್ರತಿ ಅಧಿಕಾರಿಗಳ ಕೈಸೇರುವ ತುಣುಕೊಂದನ್ನು ಅಂಟಿಸಿದರು. ಆ ಕತ್ತರಿಯವರಿಗಾದರೂ ಇದರಲ್ಲಿ ಅಪಾಯವಿದೆಯೆಂಬುದು ಗೊತ್ತಾಗಿತ್ತು; ಮೆಚ್ಚಿ ಬರೆದ ನಮ್ಮ ರಸಿಕರಿಗೆ ಅಷ್ಟೂ ಹೊಳೆಯಲಿಲ್ಲ. ಹಾಸ್ಯವೆಂದರೆ ಉಂಡ ಮೇಲಿನ ತಾಂಬೂಲವೆಂದು ತಿಳಿದ ಈ ರಸಿಕತೆಗೆ ಕಚ್ಚುವ ನಗು ಎಂದೂ ಒಗ್ಗಲಿಲ್ಲ. ನಮ್ಮ ನಾಟಕಕಾರ ಕೈಲಾಸಂ ಅವರಿಗೆ ಪ್ರಹಸನ ಪ್ರಪಿತಾಮಹರೆಂಬ ಬಿರುದಿನ ಶಾಲು ಹೊದಿಸಿದವರೂ ಇವರೇ. ಸಭೆಸಭೆಯಲ್ಲಿ ಅವರ ಚಟಾಕಿಗಳನ್ನು ಹಾರಿಸಿ ಚಪ್ಪಾಳೆ ಗಿಟ್ಟಿಸುವ ಈ ಮಹನೀಯರಿಗೆ, ಅವರ ‘ಸೂಳೆ’ ನಾಟಕದ ಹೆಸರೆತ್ತುವ ಹೊತ್ತಿಗೆ ಮಾತ್ರ ಗಂಟಲು ಕಟ್ಟುತ್ತದೆ.