ಹೇಂಟೆಗೂ ರಜೆ ಬೇಕು

ಮೊಟ್ಟೆ ಸಿಕ್ಕಿಕೊಂಡ ಕೋಳಿಯನ್ನು ದೂರದಿಂದಲೇ ಗುರುತಿಸಬಹುದು. ಬಾಲ ಇಳಿಬಿದ್ದಿರುತ್ತದೆ, ಪುಕ್ಕ ಕೆದರಿರುತ್ತದೆ, ಕಾಲು ಅಗಲಿಸಿ ಎದೆ ಮೇಲೆತ್ತಿ ನೆಟ್ಟಗೆ ನಿಂತಿರುತ್ತದೆ. ಗೂಡಿಗೆ ಹೋಗುತ್ತದೆ, ಕೂರುತ್ತದೆ, ತಿಣುಕುತ್ತದೆ, ಬರಿದೇ ಎದ್ದು ಬರುತ್ತದೆ. ಕಾಳು ಎರಚಿದಾಗ ಮಿಕ್ಕವೆಲ್ಲ ಮುಗಿಬಿದ್ದರೂ ಇದೊಂದು ಗೋಡೆಯ ಮಗ್ಗುಲಲ್ಲಿ ಕಣ್ಣು ಮುಚ್ಚಿ ನಿಂತಿದ್ದರೆ, ಕೈಯಲ್ಲಿರುವ ಕೆಲಸ ಬದಿಗಿಟ್ಟು ಮೊದಲು ಅದನ್ನು ಎತ್ತಿಕೊಳ್ಳಿ. ಒಂದೆರಡು ದಿನ ಹೀಗೇ ಬಿಟ್ಟರೆ ಕೋಳಿ ಉಳಿಯುವುದು ಕಷ್ಟ.

ಎತ್ತಿಕೊಂಡ ಮೇಲೆ ರೋಗ ಇದೇ ಹೌದೋ ಅಲ್ಲವೋ ನೋಡಬೇಕು. ಕಾವಿಗೆ ಕೂತ ಕೋಳಿಯೂ ಪುಕ್ಕ ಕೆದರಿಕೊಂಡು ಗೂಡಲ್ಲೇ ಇರುತ್ತದೆ. ಆದರೆ ಅದು ಕೈ ಚಾಚಿದರೆ ಗುರುಗುಟ್ಟಿ ಕುಕ್ಕುತ್ತದೆ, ಕಣ್ಣಲ್ಲಿ ಕಳೆ ಇರುತ್ತದೆ. ಹಸಿರು ಬೆರೆತ ಬಿಳಿ ಹಿಕ್ಕೆ, ಉಸಿರಾಟದ ಗೊರಗೊರ, ತಿರುಚಿದ ಕತ್ತು ಕಂಡರೆ ಅದು ಕೊಕ್ಕರೆ ರೋಗವಿರಬಹುದು. ತಕ್ಷಣ ಬೇರೆ ಕೋಳಿಗಳಿಂದ ದೂರವಿಡಿ. ಹೊಟ್ಟೆ ನೀರು ತುಂಬಿದ ಚೀಲವಾಗಿ ಜೋಲುತ್ತಿದ್ದರೆ ಹಳದಿ ಒಳಗೇ ಚೆಲ್ಲಿ ಸೋಂಕಾಗಿದೆ ಎಂದು ಅನುಮಾನಿಸಬೇಕು, ಅದಕ್ಕೆ ಮನೆಮದ್ದಿಲ್ಲ. ಇವು ಯಾವುವೂ ಅಲ್ಲವಾದರೆ ಹಿಂಭಾಗದ ಎರಡು ಚೂಪು ಮೂಳೆಗಳ ನಡುವೆ ಬೆರಳಿಟ್ಟು ನೋಡಿ. ಮೊಟ್ಟೆಯಿಡುವ ಕೋಳಿಗೆ ಅಲ್ಲಿ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗವಿರುತ್ತದೆ. ಅದರ ಒಳಗೆ, ಚರ್ಮದಡಿ, ಗಟ್ಟಿಯಾದದ್ದು ದುಂಡಗೆ ತಾಕಿದರೆ ಮೊಟ್ಟೆ ಬಾಗಿಲಿಗೆ ಬಂದು ನಿಂತಿದೆ.

ಈಗ ಮಾಡಬೇಕಾದ್ದು ಸ್ವಲ್ಪವೇ, ಆದರೆ ನಿಧಾನವಾಗಿ ಮಾಡಬೇಕು. ಅಗಲ ಬಾಯಿಯ ಟಬ್ಬಿನಲ್ಲಿ ಕೋಳಿಯ ಹೊಟ್ಟೆ ಮುಳುಗುವಷ್ಟು ಬೆಚ್ಚಗಿನ ನೀರು. ಮೊಣಕೈ ಅದ್ದಿದರೆ ಹಿತವೆನ್ನಿಸಬೇಕು. ಕೋಳಿಯ ಮೈಶಾಖವೇ 41 ಡಿಗ್ರಿಯ ಆಸುಪಾಸು ಇರುವುದರಿಂದ ನಮಗೆ ಉಗುರುಬೆಚ್ಚಗಿನದು ಅದಕ್ಕೆ ತಣ್ಣೀರು. ರೆಕ್ಕೆಗಳನ್ನು ಎರಡೂ ಅಂಗೈಯಲ್ಲಿ ಅವುಚಿ ಕೂರಿಸಿದರೆ ಮೊದಲ ನಿಮಿಷ ಒದ್ದಾಡುತ್ತದೆ. ಆಮೇಲೆ ಬಿಸಿ ಹತ್ತುತ್ತಿದ್ದಂತೆ ಕತ್ತು ಸಡಿಲ ಬಿಡುತ್ತದೆ, ಕೆಳರೆಪ್ಪೆ ಮೇಲೇರಿ ಕಣ್ಣು ಮುಚ್ಚುತ್ತದೆ, ಹೊಟ್ಟೆಯಡಿಯ ಪುಕ್ಕ ನೀರಲ್ಲಿ ಅರಳಿಕೊಳ್ಳುತ್ತದೆ. ಹದಿನೈದು ಇಪ್ಪತ್ತು ನಿಮಿಷ ಸಾಕು. ಒರಸಿ, ಗಾಳಿಗೆ ಒಡ್ಡದೆ ಪೂರ್ತಿ ಒಣಗಿಸಿ, ಗುದದ್ವಾರದ ಅಂಚಿಗೆ ಕೊಬ್ಬರಿ ಎಣ್ಣೆ ಸವರಿ, ಹುಲ್ಲು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಬಿಡಿ. ಕ್ಯಾಲ್ಸಿಯಂ ಸಿರಪ್ಪನ್ನು ಪಶುವೈದ್ಯರನ್ನು ಕೇಳಿ ಅವರು ಹೇಳಿದ ಪ್ರಮಾಣದಲ್ಲಿ ಕೊಕ್ಕಿನ ಪಕ್ಕದಿಂದ ತೊಟ್ಟು ತೊಟ್ಟಾಗಿ ಕೊಡಿ. ಒಮ್ಮೆಲೇ ಸುರಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕುಡಿಯಲು ನೀರಿಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಬನ್ನಿ. ಗಳಿಗೆಗೊಮ್ಮೆ ಇಣುಕುವವರ ಕೋಳಿಗೆ ನೆಮ್ಮದಿಯಿಲ್ಲ. ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಿರುವ ಕೋಳಿಗೆ ಮಾತ್ರ ಈ ಸ್ನಾನ ಬೇಡ. ಮೊದಲು ನೆರಳು, ತಂಪು ನೀರು.

ಹಳ್ಳಿಗಳಲ್ಲಿ ಬೆಳಗ್ಗೆ ಬಿಡುವ ಮುನ್ನ ಬೆರಳಿಟ್ಟು ಇವತ್ತು ಮೊಟ್ಟೆ ಇದೆಯೇ ಎಂದು ನೋಡುವ ಅಜ್ಜಿಯರಿದ್ದರು. ಆ ಬೆರಳಿಗೆ ಅಭ್ಯಾಸವಿತ್ತು. ಅದಿಲ್ಲದವರು ಒಳಗೆ ಕೈ ಹಾಕಿ ಎಳೆಯುವುದು, ಹೊಟ್ಟೆ ಅಮುಕಿ ಹೊರದಬ್ಬುವುದು ಬೇಡವೇ ಬೇಡ. ಒಳಗೆ ಮೊಟ್ಟೆ ಒಡೆದರೆ ಚೂರುಗಳು ನಾಳವನ್ನು ಸೀಳುತ್ತವೆ. ಕೆಲವು ಗಂಟೆ ಕಾದು, ಇನ್ನೊಮ್ಮೆ ಬೆಚ್ಚಗಿನ ನೀರಲ್ಲಿ ಕೂರಿಸಿ, ಆಗಲೂ ಬಾರದಿದ್ದರೆ ಪಶು ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕ್ಯಾಲ್ಸಿಯಂ ಚುಚ್ಚುಮದ್ದು ಕೊಡುತ್ತಾರೆ. ದಾರಿ ತೆರೆದಿದೆ ಎಂದು ಖಾತ್ರಿಯಾದರೆ ಗರ್ಭಕೋಶ ಹಿಂಡುವ ಔಷಧಿ ಕೊಡುತ್ತಾರೆ. ಅದೂ ಆಗದಿದ್ದರೆ ಸೂಜಿಯಿಂದ ಮೊಟ್ಟೆಯ ಒಳಗಿನದನ್ನು ಹೀರಿ ಸಿಪ್ಪೆ ಕುಗ್ಗಿಸಿ ತೆಗೆಯುತ್ತಾರೆ. ಒಂದು ಕೋಳಿಗೆ ಇಷ್ಟೆಲ್ಲ ಏಕೆ, ಸಾರು ಮಾಡಿದರಾಯಿತು ಎನ್ನುವವರೊಂದಿಗೆ ನನ್ನ ಜಗಳವಿಲ್ಲ. ಆದರೆ ಔಷಧಿ ಬಿದ್ದ ಕೋಳಿಯನ್ನು, ಸೋಂಕು ತಗಲಿದ ಕೋಳಿಯನ್ನು ಸಾರಿಗೆ ಹಾಕಬೇಡಿ. ಕೊಯ್ದು ಮುಗಿಸಿದರೆ ಕಾರಣವೂ ಕೈತಪ್ಪುತ್ತದೆ. ಆ ಕಾರಣ ಪಕ್ಕದಲ್ಲಿ ಕೆದಕುತ್ತಿರುವ ಉಳಿದ ಹೇಂಟೆಗಳಲ್ಲೂ ಇರಬಹುದು.

ಕಾರಣ ಬಹುತೇಕ ಸಲ ಸುಣ್ಣದಂಶದ್ದು. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ, ಅದೂ ಹೆಚ್ಚಿನ ಪಾಲು ರಾತ್ರಿಯಲ್ಲಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ಒಂದು ಸಿಪ್ಪೆಗೆ ಎರಡು ಗ್ರಾಮಿನಷ್ಟು ಕ್ಯಾಲ್ಸಿಯಂ. ಹೊಟ್ಟೆಯಲ್ಲಿರುವುದು ಸಾಲದಿದ್ದರೆ ಮೂಳೆಯೊಳಗಿನ ದಾಸ್ತಾನಿಗೆ ಕೈಯಿಡಬೇಕು. ಮೊಟ್ಟೆಯನ್ನು ಹೊರದಬ್ಬುವ ಸ್ನಾಯು ಹಿಂಡಿಕೊಳ್ಳುವುದಕ್ಕೂ ಇದೇ ಕ್ಯಾಲ್ಸಿಯಂ ಬೇಕು. ರಕ್ತದಲ್ಲಿ ಅದು ಕಡಿಮೆಯಾದರೆ ಸಿಪ್ಪೆ ತೆಳುವಾಗುತ್ತದೆ, ತಳ್ಳುವ ಶಕ್ತಿಯೂ ಹೋಗುತ್ತದೆ. ಮೆತ್ತನೆಯ ಮೊಟ್ಟೆ ಒಂದೆರಡು ಕಂಡ ಮೇಲೆ ಸಿಕ್ಕಿಕೊಳ್ಳುವ ಮೊಟ್ಟೆ ಬಂದರೆ ಆಶ್ಚರ್ಯವಿಲ್ಲ.

‘ನಮ್ಮ ಕೋಳಿಗೆ ರಾಗಿ ಹಾಕ್ತೀವಿ, ಸುಣ್ಣದಂಶಕ್ಕೇನು ಕೊರತೆ?’ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮನುಷ್ಯರ ಧಾನ್ಯಗಳಲ್ಲಿ ಅದು ದೊಡ್ಡ ಮಾತೇ. ಆದರೆ ನಿತ್ಯ ಮೊಟ್ಟೆಯಿಡುವ ಕೋಳಿ ದಿನಕ್ಕೆ ತಿನ್ನುವ ನೂರು ಚಿಲ್ಲರೆ ಗ್ರಾಂ ಆಹಾರದಲ್ಲಿ ನಾಲ್ಕು ಗ್ರಾಮಿನಷ್ಟು ಕ್ಯಾಲ್ಸಿಯಂ ಇರಬೇಕು. ರಾಗಿಯಲ್ಲಿ ಸಿಗುವುದು ಅದರ ಹತ್ತನೇ ಒಂದು ಪಾಲು. ಅಕ್ಕಿ ನುಚ್ಚು, ಜೋಳದಲ್ಲಿ ಅದೂ ಇಲ್ಲ. ಆದ್ದರಿಂದ ಮೊಟ್ಟೆಕೋಳಿಯ ಆಹಾರವನ್ನೇ ಮುಖ್ಯವಾಗಿ ಕೊಟ್ಟು, ಸಂಜೆ ಬೇರೆ ಬಟ್ಟಲಲ್ಲಿ ಸುಣ್ಣಕಲ್ಲಿನ ಹರಳಿಡಿ. ಕರಾವಳಿಯವರಿಗೆ ಮರುವಾಯಿ ಚಿಪ್ಪು ಮನೆ ಬಾಗಿಲಲ್ಲೇ ಇದೆ, ಒಣಗಿಸಿ ಕುಟ್ಟಿದರಾಯಿತು. ಹರಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ರಾತ್ರಿಯ ಕೆಲಸಕ್ಕೆ ಒದಗುತ್ತದೆ. ಎಲೆಯಡಿಕೆಯ ಸುಣ್ಣ ಮಾತ್ರ ಬೇಡ, ಬಾಯಿ ಸುಡುತ್ತದೆ. ಮರಿಗಳ ಆಹಾರಕ್ಕೂ ಹರಳು ಬೆರೆಸಬೇಡಿ, ಅವುಗಳ ಮೂತ್ರಪಿಂಡ ಕೆಡುತ್ತದೆ.

ಬೇಸಿಗೆಯ ಕಾಟ ಇದರ ಮೇಲೆ. ಕೋಳಿಗೆ ಬೆವರಿಲ್ಲ, ಏದುಸಿರೇ ಗತಿ. ಏದುವಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ಸಿಪ್ಪೆಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ, ತಿನ್ನುವುದೂ ತಗ್ಗುತ್ತದೆ. ರಾಯಚೂರು, ಕಲಬುರಗಿಯ ಕಡೆಯವರು ಏಪ್ರಿಲ್‌ನಲ್ಲಿ ಕಾಳನ್ನು ಬೆಳಗಿನ ತಂಪಿಗೂ ಸಂಜೆಗೂ ಹೊಂದಿಸಿಕೊಳ್ಳುವುದು ಒಳ್ಳೆಯದು.

ಇಷ್ಟು ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ನಾಟಿ ಕೋಳಿಗೆ ಈ ತೊಂದರೆ ಏಕಿಷ್ಟು ಅಪರೂಪ? ಅದು ವರ್ಷಕ್ಕೆ ಇಡುವುದು 50, 60 ಮೊಟ್ಟೆ. ಒಂದು ಸರದಿ ಇಟ್ಟು ಕಾವಿಗೆ ಕೂರುತ್ತದೆ, ಮರಿಗಳ ಹಿಂದೆ ಅಲೆಯುತ್ತದೆ, ಪುಕ್ಕ ಉದುರಿಸುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಇಡುವುದು 130ರಿಂದ 150. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹೆಚ್ಚು. ಫಾರಂ ಕೋಳಿಯದು 300 ದಾಟುತ್ತದೆ. ಮೊಟ್ಟೆ ನಿಂತ ದಿನಗಳಲ್ಲಿ ಮಾತ್ರ ಹೇಂಟೆಯ ಗಟ್ಟಿ ಮೂಳೆ ಮತ್ತೆ ಕಟ್ಟಿಕೊಳ್ಳುತ್ತದೆ. ನಾವು ತಳಿಯನ್ನು ಬದಲಿಸಿ, ಆಹಾರವನ್ನು ಹಾಗೇ ಉಳಿಸಿ, ವಿರಾಮವನ್ನೂ ಕಿತ್ತುಕೊಂಡಿದ್ದೇವೆ. ಕಾವಿಗೆ ಕೂತ ಕೋಳಿಯನ್ನು ನೀರಲ್ಲಿ ಅದ್ದುವ, ಮೂಗಿಗೆ ಪುಕ್ಕ ಚುಚ್ಚಿ ಎಬ್ಬಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಗೂಡಿಗೆ ರಾತ್ರಿಯೆಲ್ಲ ಬಲ್ಬು ಉರಿಸಿ ಮಳೆಗಾಲದಲ್ಲೂ ಮೊಟ್ಟೆ ಇಡಿಸುವವರಿದ್ದಾರೆ.

ಒಮ್ಮೆ ಮೊಟ್ಟೆ ಸಿಕ್ಕಿಕೊಂಡ ಹೇಂಟೆಗೆ ಅದು ಮರುಕಳಿಸಬಹುದು. ಗುಣವಾದ ಮೇಲೆ ಗೂಡಿನ ದೀಪ ಆರಿಸಿ, ಹಗಲಿನ ಬೆಳಕಷ್ಟೇ ಸಿಗುವಂತೆ ನೋಡಿಕೊಂಡು ಕೆಲವು ವಾರ ಬಿಡುವು ಕೊಡಿ. ಕಾವಿಗೆ ಕೂತರೆ ಕೂರಲಿ. ಕೋಳಿ ಕೊಳ್ಳುವಾಗ ವರ್ಷಕ್ಕೆ ಎಷ್ಟು ಮೊಟ್ಟೆ ಎಂದು ಕೇಳುವುದು ತಪ್ಪಲ್ಲ. ಹಿತ್ತಲಲ್ಲಿ ಜಾಗವಿದ್ದವರು ಮುನ್ನೂರು ಇಡುವ ಒಂದರ ಬದಲು ನೂರು ಇಡುವ ಮೂರನ್ನು ಸಾಕಲಿ ಎಂಬುದು ನನ್ನ ಸಲಹೆ. ಕಾಳಿನ ಖರ್ಚು ಹೆಚ್ಚುತ್ತದೆ, ಹೌದು. ಟಬ್ಬು ತುಂಬಿಸುವ ಕೆಲಸ ಕಡಿಮೆಯಾಗುತ್ತದೆ.