ಚಿಲ್ಲರೆಯಲ್ಲಿ ಸಿಕ್ಕ ನಾಣ್ಯ, ಬರೆಯದೆ ಬಿಟ್ಟ ಊರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸಂತೆ, ಕಿರಾಣಿ ಅಂಗಡಿ, ಬಸ್ಸುಗಳಲ್ಲಿ ಕೈಗೆ ಬಂದ ಚಿಲ್ಲರೆಯನ್ನು ತಿರುವಿ ನೋಡಿ ನಾಣ್ಯ ಕೂಡಿಡುವ ಹವ್ಯಾಸ ನನಗೆ ಬಹಳ ಪ್ರಿಯವಾದದ್ದು. ಇದಕ್ಕೆ ತಗಲುವ ಖರ್ಚು ಮುಖಬೆಲೆಯಷ್ಟೇ. ಬೇಡವಾದರೆ ಅದೇ ರೊಕ್ಕದಲ್ಲಿ ಚಹಾ ಕುಡಿಯಬಹುದು.

ನೋಡಲು ಕಲಿತ ಕಣ್ಣಿಗೆ ಇಲ್ಲಿ ಸಿಗುವುದು ಕಡಿಮೆಯೇನಲ್ಲ. 1992ರಿಂದ ಬಂದ, ಭಾರತದ ನಕ್ಷೆಯಿರುವ ಹನ್ನೊಂದು ಮೂಲೆಯ 2 ರೂಪಾಯಿ ತಾಮ್ರ-ನಿಕ್ಕಲ್ ಬೆರಕೆಯದು. 9 ಗ್ರಾಂ ತೂಗುವ ದಪ್ಪನೆಯ 5 ರೂಪಾಯಿಯೂ ಅದೇ ಲೋಹದ್ದು. ಅಯಸ್ಕಾಂತ ಇವೆರಡನ್ನೂ ಸೆಳೆಯುವುದಿಲ್ಲ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್ ಟಂಕಸಾಲೆ, ವಜ್ರದ ಗುರುತಿದ್ದರೆ ಮುಂಬೈ, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇರದಿದ್ದರೆ ಕೋಲ್ಕತ್ತ. 1962ರಿಂದ 1974ರವರೆಗಿನ ಅಪ್ಪಟ ನಿಕ್ಕಲ್ ರೂಪಾಯಿ ಮಾತ್ರ ಈಗ ಗಲ್ಲಾಪೆಟ್ಟಿಗೆಯಲ್ಲಿ ಸಿಗುವಂಥದ್ದಲ್ಲ. ಅದನ್ನು ಅಜ್ಜಿಯರ ಗಂಟಿನಲ್ಲಿ, 1959ರವರೆಗೂ ನಡೆದ ನಿಜಾಮರ ಹಾಲಿ ಸಿಕ್ಕಾದ ಪಕ್ಕದಲ್ಲಿ ಹುಡುಕಬೇಕು.

ಆದರೆ ನಮ್ಮ ಸಂಗ್ರಹಕಾರರಲ್ಲಿ ಎರಡು ಕೆಟ್ಟ ಚಾಳಿಗಳಿವೆ. ಮೊದಲನೆಯದು, ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಬರಿಸುವುದು. ಹಾಗೆ ತಿಕ್ಕಿದರೆ ನಾಣ್ಯದ ಮೈಯೇ ಹಾಳು. ಎರಡನೆಯದು ದುಡ್ಡಿನ ಆಸೆ. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷ ಲಕ್ಷ ಬರುತ್ತದೆಂಬ ಸುದ್ದಿ ನಂಬಿದವರು ಎಷ್ಟೋ ಮಂದಿ. ಹಳೆಯ ನಾಣ್ಯ ಮಾರಿಸಿಕೊಡುವುದಾಗಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು. ಇದೇ ಆಸೆ ಬೆಳೆದರೆ ಆನೆಗೊಂದಿ ಸುತ್ತಲಿನ ಹೊಲಗಳಲ್ಲಿ ವಿಜಯನಗರದ ಹೊನ್ನಿಗಾಗಿ ನೆಲ ಅಗೆಯುವ ಮಟ್ಟಕ್ಕೂ ಹೋಗುತ್ತದೆ. ಹಾಗೆ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು ಕಾನೂನೇ ಹೇಳುತ್ತದೆ.

ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವ ಕೊರತೆ ಇನ್ನೊಂದಿದೆ. ಯಾರೂ ಏನನ್ನೂ ಬರೆದಿಡುವುದಿಲ್ಲ. ವ್ಯಾಪಾರಿಯಿಂದ ಕೊಂಡ ನಾಣ್ಯಕ್ಕೆ ಇಸವಿ ಇರುತ್ತದೆ, ಊರು ಇರುವುದಿಲ್ಲ. ಚಿಲ್ಲರೆಯಲ್ಲಿ ಸಿಕ್ಕ ನಾಣ್ಯಕ್ಕೆ ಊರೂ ಇದೆ, ದಿನವೂ ಇದೆ. ಕುಷ್ಟಗಿಯ ಸಂತೆಯಲ್ಲಿ ನಕ್ಷತ್ರದವೇ ಹೆಚ್ಚೋ ವಜ್ರದವೋ, ಹುಲಿಗೆಮ್ಮನ ಜಾತ್ರೆ ಮುಗಿದ ವಾರ ಯಾವ ಕಾಲದ ನಾಣ್ಯಗಳು ಹೊರಬರುತ್ತವೆ, ಇಂಥವನ್ನು ಹೇಳಬಲ್ಲದ್ದು ಈ ಹವ್ಯಾಸವೊಂದೇ. ನಾವೋ ನಾಣ್ಯವನ್ನು ಆಲ್ಬಮ್‌ಗೆ ಸೇರಿಸಿ ಅದರ ಊರನ್ನು ಬಿಸಾಡುತ್ತಿದ್ದೇವೆ. ತರಕಾರಿ ಬುಟ್ಟಿಯ ಮುಂದೂ ಫೋನಿನಲ್ಲೇ ಹಣ ಕೊಡುವ ಈ ದಿನಗಳಲ್ಲಿ ಹಾಗೆ ಕಳೆದದ್ದು ಮತ್ತೆ ಸಿಗುವುದು ಕಷ್ಟ.

10 ರೂಪಾಯಿ ನಾಣ್ಯವನ್ನೇ ನೋಡಿ. ಅದರ 14 ವಿನ್ಯಾಸಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿದ ಮೇಲೂ ನಮ್ಮ ಕಡೆಯ ಅಂಗಡಿಕಾರರು ಅದನ್ನು ಮುಟ್ಟಲು ಹಿಂಜರಿದರು. ಯಾವ ಊರಿನಲ್ಲಿ ಅದು ಮೊದಲು ನಿಂತಿತು, ಯಾವ ಸಂತೆಯಲ್ಲಿ ಮತ್ತೆ ಓಡಾಡತೊಡಗಿತು ಎಂದು ತಿಳಿಸುವ ಒಂದು ಆಲ್ಬಮ್ಮನ್ನೂ ನಾನು ಇದುವರೆಗೆ ಕಂಡಿಲ್ಲ.